ಫ್ಯಾಮಿಕಾಮ್ ಪ್ರೊಸೆಸರ್: ಮೆಮೊರಿ ಮತ್ತು ರೆಜಿಸ್ಟರ್‌ಗಳು

ಜಪಾನಿನ ನಿಂಟೆಂಡೊ ಕಂಪನಿ 1983ರ ಜುಲೈ 15ರಂದು ಮಾರುಕಟ್ಟೆಗೆ ತಂದ ವಿಡಿಯೋ ಗೇಮ್ ಯಂತ್ರ ಫ್ಯಾಮಿಕಾಮ್. ಇದರ ನಕಲುಗಳು ಸಮುರಾಯ್, ಲಿಟಲ್ ಮಾಸ್ಟರ್ ಮೊದಲಾದ ಹೆಸರುಗಳಲ್ಲಿ ಭಾರತಕ್ಕೂ ಬಂದವು. ಟಿವಿಗೆ ಜೋಡಿಸಿ, ‘ಕ್ಯಾಸೆಟ್’ ಸಿಕ್ಕಿಸಿ ಆಡುತ್ತಿದ್ದ ಯಂತ್ರಗಳು ಈ ವಂಶದವು.

ಫ್ಯಾಮಿಕಾಮ್‌ನ ಪ್ರೊಸೆಸರ್ ರಿಕೋ ಕಂಪನಿಯ 2ಎ03. ಅದರ ತಿರುಳು 1975ರ ಮಾಸ್ 6502. ಹೊರಗಿನ ಸಾಧನಗಳಿಗೆಂದು 6502ರಲ್ಲಿ ಪ್ರತ್ಯೇಕ ಆಜ್ಞೆಗಳಿಲ್ಲ. ಮೆಮೊರಿಗೆ ಬರೆಯುವ ಆಜ್ಞೆಯೇ ಚಿತ್ರವನ್ನೂ ಸದ್ದನ್ನೂ ನಡೆಸಬೇಕು. ಬರೆದದ್ದು ಯಾರಿಗೆ ಸೇರಬೇಕೆಂದು ವಿಳಾಸ ಹೇಳುತ್ತದೆ. ಹೆಕ್ಸ್ ಲೆಕ್ಕದಲ್ಲಿ $0000ದಿಂದ 2 ಕಿಲೋಬೈಟ್ ರ‍್ಯಾಮ್, $2000ದಿಂದ $2007ರವರೆಗೆ ಚಿತ್ರದ ಚಿಪ್‌ನ ಎಂಟು ರೆಜಿಸ್ಟರ್ (ಚಿಪ್‌ಗೆ ಆಜ್ಞೆ ಮುಟ್ಟಿಸುವ ಪುಟ್ಟ ಜಾಗಗಳು), $4000ದಿಂದ ಸದ್ದಿನವು, $8000ದಿಂದ ಮೇಲೆ ಕ್ಯಾಸೆಟ್‌ನಲ್ಲಿರುವ, ಓದಲಷ್ಟೇ ಬರುವ ಮೆಮೊರಿ.

ಚಿತ್ರದ ಮೆಮೊರಿ ಪ್ರೊಸೆಸರ್‌ಗೆ ನೇರವಾಗಿ ಸಿಗದು. $2006ಕ್ಕೆ ಎರಡು ಸಲ ಬರೆದು ವಿಳಾಸ ಕೊಟ್ಟು, ಆಮೇಲೆ $2007ಕ್ಕೆ ಮಾಹಿತಿ ಬರೆಯಬೇಕು. ಅದೂ ಪರದೆಯ ಒಂದು ಚಿತ್ರ ಮುಗಿದು ಇನ್ನೊಂದು ತೊಡಗುವ ನಡುವಿನ ಬಿಡುವಿನಲ್ಲಿ, ಸುಮಾರು 2,270 ಗಡಿಯಾರ ಮಿಡಿತಗಳೊಳಗೆ. ಹೊತ್ತು ಮೀರಿ ಬರೆದರೆ ಪರದೆ ಕಲಸಿಹೋಗುತ್ತದೆ. $4014ಕ್ಕೆ ಒಂದು ಬೈಟ್ ಬರೆದರೆ ಸಾಕು, ಓಡಾಡುವ ಗೊಂಬೆಗಳ 256 ಬೈಟ್‌ಗಳು ತಾವಾಗಿ ಸಾಗುತ್ತವೆ. ಅಷ್ಟು ಹೊತ್ತು, ಅಂದರೆ 513 ಅಥವಾ 514 ಮಿಡಿತ, ಪ್ರೊಸೆಸರ್ ಸುಮ್ಮನೆ ನಿಲ್ಲುತ್ತದೆ.

ಆಟಗಳು ಬೆಳೆದಂತೆ $8000ದ ಮೇಲಿನ 32 ಕಿಲೋಬೈಟ್ ಸಾಲದಾಯಿತು. ಓದಲಷ್ಟೇ ಬರುವ ಮೆಮೊರಿಗೆ ಬರೆಯುವುದು ವ್ಯರ್ಥವಷ್ಟೆ? ಆ ವ್ಯರ್ಥ ಬರಹವನ್ನೇ ಕ್ಯಾಸೆಟ್‌ನೊಳಗಿನ ಇನ್ನೊಂದು ಚಿಪ್ ಹಿಡಿದು, ಆಟದ ಬೇರೆ ಭಾಗವನ್ನು ಎದುರಿಗೆ ತರುವಂತೆ ಮಾಡಿದರು. ಇಡೀ ಯಂತ್ರದಲ್ಲಿ ಇದಕ್ಕಿಂತ ಜಾಣ ಉಪಾಯ ಇಲ್ಲ. ಸರಳ ಕ್ಯಾಸೆಟ್‌ಗಳಲ್ಲಿ ಒಂದು ತೊಡಕಿತ್ತು: ಪ್ರೊಸೆಸರ್ ಬೇಕಾದ ಭಾಗದ ಸಂಖ್ಯೆಯನ್ನು, ಉದಾಹರಣೆಗೆ 3 ಎಂದು, ಬರೆಯುವಾಗಲೇ ಮೆಮೊರಿಯೂ ತನ್ನಲ್ಲಿದ್ದ ಬೈಟನ್ನು ಅದೇ ತಂತಿಗಳ ಮೇಲೆ ಹಾಕುತ್ತಿತ್ತು. ಎರಡೂ ಬೇರೆಯಾದರೆ ಗೊಂದಲ. ಹೀಗಾಗಿ ಮೊದಲೇ 3 ಇರುವ ಜಾಗ ಹುಡುಕಿ ಅಲ್ಲಿಗೇ 3 ಬರೆಯುತ್ತಿದ್ದರು. ನಿಂಟೆಂಡೊದ ಎಂಎಂಸಿ1 ಚಿಪ್‌ಗಂತೂ ಒಂದು ಸಲಕ್ಕೆ ಒಂದೇ ಬಿಟ್, ಐದು ಸಲ ಬರೆಯಬೇಕಿತ್ತು.

ಭಾರತದಂತೆ 50 ಹರ್ಟ್ಜ್ ಪಾಲ್ ಟಿವಿ ಇದ್ದ ದೇಶಗಳಿಗೆ ತೈವಾನಿನ ಯುಎಂಸಿ ಪ್ರತ್ಯೇಕ ನಕಲು ಚಿಪ್ ಮಾಡಿತು. ಅದು ಚಿತ್ರದ ನಂತರ 51 ಗೆರೆಗಳಷ್ಟು ಕಾದು ಬಿಡುವಿನ ಸೂಚನೆ ಕೊಡುವುದರಿಂದ, 60 ಹರ್ಟ್ಜ್ ಟಿವಿಗೆಂದು ಬರೆದ ಆಟಗಳ ಲೆಕ್ಕಾಚಾರ ಕೆಡಲಿಲ್ಲ. ಆಟ ಮಾತ್ರ ಆರರಲ್ಲಿ ಒಂದು ಪಾಲು ನಿಧಾನವಾಯಿತು. ಸದ್ದಿನ ರೆಜಿಸ್ಟರ್‌ನಲ್ಲಿ ಎರಡು ಆಯ್ಕೆಗಳು ಅದಲುಬದಲಾಗಿದ್ದರಿಂದ, ಅದೇ ಸಂಗೀತದ ದನಿಯ ಬಣ್ಣ ಈ ಯಂತ್ರಗಳಲ್ಲಿ ಬೇರೆಯಾಗಿ ಕೇಳುತ್ತಿತ್ತು.