ಸ್ಟ್ಯಾಂಡ್ ಯುವರ್ ಗ್ರೌಂಡ್ ಕಾನೂನು ಮತ್ತು ಟ್ರೇವಾನ್ ಮಾರ್ಟಿನ್ ಪ್ರಕರಣ

ಪ್ರಾಣಕ್ಕೆ ಕುತ್ತು ಬಂದಿದೆಯೆಂದು ನಂಬಲು ತಕ್ಕ ಕಾರಣವಿದ್ದರೆ, ತಪ್ಪಿಸಿಕೊಳ್ಳುವ ದಾರಿಯಿದ್ದರೂ ಹಿಂದೆ ಸರಿಯದೆ ಎದುರಾಳಿಯನ್ನು ಕೊಲ್ಲುವಷ್ಟು ಬಲವನ್ನೂ ಬಳಸಬಹುದು ಎನ್ನುವ ಅಮೆರಿಕದ ರಾಜ್ಯ ಕಾನೂನುಗಳನ್ನು 'ಸ್ಟ್ಯಾಂಡ್ ಯುವರ್ ಗ್ರೌಂಡ್' ಎಂದು ಕರೆಯುವುದು ರೂಢಿ. ಇವುಗಳಲ್ಲಿ ಹೆಚ್ಚು ಹೆಸರಾದದ್ದು, ಬೇರೆ ರಾಜ್ಯಗಳಿಗೆ ಮಾದರಿಯೂ ಆದದ್ದು ಫ್ಲಾರಿಡಾದ 2005ರ ಕಾಯ್ದೆ. 2012ರ ಫೆಬ್ರುವರಿ 26ರ ರಾತ್ರಿ ಅದೇ ರಾಜ್ಯದ ಸ್ಯಾನ್‌ಫರ್ಡ್ ಪಟ್ಟಣದಲ್ಲಿ ಟ್ರೇವಾನ್ ಮಾರ್ಟಿನ್ ಎಂಬ 17 ವರ್ಷದ ಕಪ್ಪು ಹುಡುಗ ಗುಂಡೇಟಿಗೆ ಬಲಿಯಾದ ಮೇಲೆ ಈ ಕಾಯ್ದೆ ದೇಶದಾದ್ಯಂತ ಚರ್ಚೆಗೆ ಬಂತು.

ಆತ್ಮರಕ್ಷಣೆಗಾಗಿ ಕೊಲ್ಲುವ ಮುನ್ನ ಸಾಧ್ಯವಾದಷ್ಟೂ ಹಿಂದೆ ಸರಿಯಬೇಕು, ಬೆನ್ನು ಗೋಡೆಗೆ ತಾಗಿದ ಮೇಲಷ್ಟೇ ಕೈ ಎತ್ತಬೇಕು ಎಂಬುದು ಇಂಗ್ಲೆಂಡಿನ ಹಳೆಯ ನಿಯಮ. ಮನುಷ್ಯನ ಪ್ರಾಣ ತೆಗೆಯುವ ಅಧಿಕಾರ ದೊರೆಯದೇ ಹೊರತು ಪ್ರಜೆಯದಲ್ಲ ಎಂಬ ತಿಳಿವಳಿಕೆ ಇದರ ಹಿಂದಿತ್ತು. ಸ್ವಂತ ಮನೆಯೊಳಗೆ ಮಾತ್ರ ಇದಕ್ಕೆ ವಿನಾಯಿತಿ. ಮನೆಯೇ ಮನೆಯವನ ಕೋಟೆ ಎಂಬ ತತ್ವ 1604ರ ಸೆಮೇನ್ ಮೊಕದ್ದಮೆಯ ಮೂಲಕ ಕಾನೂನಿನ ಪುಸ್ತಕ ಸೇರಿತು. ಅಮೆರಿಕದಲ್ಲಿ ಈ ಕಟ್ಟು ಬಹಳ ಹಿಂದೆಯೇ ಸಡಿಲವಾಯಿತು. 1876ರಲ್ಲಿ ಒಹಾಯೊ, 1877ರಲ್ಲಿ ಇಂಡಿಯಾನಾ ರಾಜ್ಯಗಳ ಸರ್ವೋಚ್ಚ ನ್ಯಾಯಾಲಯಗಳು ತಪ್ಪು ಮಾಡದವನು ಓಡಿಹೋಗಬೇಕಿಲ್ಲ ಎಂದವು. ಎತ್ತಿದ ಚಾಕುವಿನ ಮುಂದೆ ನಿಂತವನಿಂದ ಸಾವಧಾನದ ಆಲೋಚನೆ ನಿರೀಕ್ಷಿಸಲಾಗದು ಎಂಬರ್ಥದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಹೋಮ್ಸ್ 1921ರಲ್ಲಿ ಬರೆದ ತೀರ್ಪು ಈ ಜಾಡಿನಲ್ಲೇ ಬಂದದ್ದು. ಆದ್ದರಿಂದ ಹಿಂದೆ ಸರಿಯಬೇಕಿಲ್ಲ ಎಂಬ ವಿಚಾರ ಫ್ಲಾರಿಡಾ ಹುಟ್ಟುಹಾಕಿದ್ದೇನೂ ಅಲ್ಲ.

ಫ್ಲಾರಿಡಾದ ಕಾಯ್ದೆಗೆ ನೆಪವಾದದ್ದು 2004ರ ಐವಾನ್ ಚಂಡಮಾರುತ. ಪೆನ್ಸಕೋಲಾದಲ್ಲಿ ಮನೆ ಹಾಳಾಗಿ ಅಂಗಳದ ಟ್ರೇಲರ್‌ನಲ್ಲಿ ಮಲಗಿದ್ದ ವೃದ್ಧರೊಬ್ಬರು ಒಳನುಗ್ಗಿದ ಅಪರಿಚಿತನನ್ನು ಗುಂಡಿಟ್ಟು ಕೊಂದರು. ಅವರ ಮೇಲೆ ಮೊಕದ್ದಮೆ ಹೂಡುವುದಿಲ್ಲ ಎಂದು ಸರ್ಕಾರಿ ವಕೀಲರು ತೀರ್ಮಾನಿಸಲು ತಿಂಗಳುಗಳೇ ಹಿಡಿದವು. ಮನೆ ಕಾಯ್ದುಕೊಂಡವನಿಗೆ ಈ ಗತಿಯೇ ಎಂದು ನ್ಯಾಷನಲ್ ರೈಫಲ್ ಅಸೋಸಿಯೇಷನ್ ಕೇಳಿತು. ಅದರ ಮಾಜಿ ಅಧ್ಯಕ್ಷೆ ಮೇರಿಯನ್ ಹ್ಯಾಮರ್ ಮಸೂದೆಯ ಬೆನ್ನಿಗೆ ನಿಂತರು. ಸೆನೆಟ್‌ನಲ್ಲಿ ಮಸೂದೆಯ ಪರ 39 ಮತ, ವಿರುದ್ಧ ಒಂದೂ ಇಲ್ಲ. ಗವರ್ನರ್ ಜೆಬ್ ಬುಷ್ 2005ರ ಏಪ್ರಿಲ್ 26ರಂದು ಸಹಿ ಹಾಕಿದರು. ಅಕ್ಟೋಬರ್ 1ರಿಂದ ಕಾಯ್ದೆ ಜಾರಿಗೆ ಬಂತು.

ಅದು ಮಾಡಿದ ಬದಲಾವಣೆ ಮೂರು ಬಗೆಯದು. ಬೀದಿ, ಬಾರು, ಪಾರ್ಕಿಂಗ್ ಜಾಗ ಎನ್ನದೆ ಕಾನೂನುಬದ್ಧವಾಗಿ ಇರಬಹುದಾದ ಎಲ್ಲ ಕಡೆಯೂ ಹಿಂದೆ ಸರಿಯುವ ಹೊಣೆಯನ್ನು ತೆಗೆಯಿತು. ಮನೆಗೋ ವಾಹನಕ್ಕೋ ಬಲವಂತದಿಂದ ನುಗ್ಗಿದವನ ವಿಷಯದಲ್ಲಿ ಒಳಗಿದ್ದವರ ಭಯ ಸಕಾರಣವೆಂದೇ ಊಹಿಸಿಕೊಳ್ಳಬೇಕೆಂದಿತು. ಮೂರನೆಯದಾಗಿ, ಆತ್ಮರಕ್ಷಣೆಗೆ ಬಲ ಬಳಸಿದವರಿಗೆ ಮೊಕದ್ದಮೆಯಿಂದಲೇ ರಕ್ಷೆ ಕೊಟ್ಟಿತು: ಆ ಬಲಪ್ರಯೋಗ ಕಾನೂನುಬಾಹಿರವೆನ್ನಲು ಸಾಕಷ್ಟು ಕಾರಣ ಸಿಗುವವರೆಗೆ ಪೊಲೀಸರು ಬಂಧಿಸುವಂತೆಯೂ ಇಲ್ಲ. ಜನರ ಚರ್ಚೆ ಬಹುತೇಕ ಮೊದಲನೆಯದರ ಸುತ್ತ ನಡೆಯಿತು. ಆದರೆ ಸ್ಯಾನ್‌ಫರ್ಡಿನಲ್ಲಿ ನಡೆದದ್ದನ್ನು ಅರಿಯಲು ಬೇಕಾದ ಬೀಗದ ಕೈ ಇರುವುದು ಈ ಮೂರನೆಯದರಲ್ಲಿ. ಹೋಲಿಕೆಗೆ ಭಾರತವನ್ನು ನೋಡಬಹುದು. ಭಾರತೀಯ ದಂಡ ಸಂಹಿತೆಯ 96ರಿಂದ 106ರವರೆಗಿನ, ಈಗ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಖಾಸಗಿ ರಕ್ಷಣೆಯ ಹಕ್ಕನ್ನು ಧಾರಾಳವಾಗಿಯೇ ಕೊಡುತ್ತವೆ. ಜೊತೆಗೆ, ಅಧಿಕಾರಿಗಳ ಮೊರೆಹೋಗಲು ಸಮಯವಿದ್ದರೆ ಆ ಹಕ್ಕಿಲ್ಲ ಎಂದೂ ಹೇಳುತ್ತವೆ. ಬಂಧನಕ್ಕೇ ಅಡ್ಡ ಬರುವ ಕಲಂ ಇಲ್ಲಿಲ್ಲ.

ಮಾರ್ಟಿನ್ ಮಯಾಮಿ ಕಡೆಯ ಹುಡುಗ. ಆ ದಿನಗಳಲ್ಲಿ ತಂದೆಯೊಡನೆ ಸ್ಯಾನ್‌ಫರ್ಡಿನ ಕಾಂಪೌಂಡು ಹಾಕಿದ ಬಡಾವಣೆಯೊಂದಕ್ಕೆ ಬಂದು ಉಳಿದಿದ್ದ. ಅಂದು ಸಂಜೆ ಅಂಗಡಿಗೆ ನಡೆದುಹೋಗಿ ಒಂದು ಪೊಟ್ಟಣ ಸ್ಕಿಟಲ್ಸ್ ಮಿಠಾಯಿ, ಒಂದು ಡಬ್ಬಿ ಹಣ್ಣಿನ ಪಾನೀಯ ಕೊಂಡು, ಮಳೆಯಲ್ಲಿ ತಲೆಗೆ ಹುಡ್ ಎಳೆದುಕೊಂಡು ಮರಳುತ್ತಿದ್ದ. ಬಡಾವಣೆಯ ಕಾವಲು ತಂಡದ ಸ್ವಯಂಸೇವಕ, 28 ವರ್ಷದ ಜಾರ್ಜ್ ಜಿಮ್ಮರ್‌ಮನ್ ಅವನನ್ನು ಕಾರಿನಿಂದ ಕಂಡು, ಅನುಮಾನಾಸ್ಪದ ವ್ಯಕ್ತಿಯಿದ್ದಾನೆಂದು ಪೊಲೀಸರಿಗೆ ಫೋನ್ ಮಾಡಿದ, ಕಾರಿನಿಂದಿಳಿದ. ಹಿಂಬಾಲಿಸುತ್ತಿದ್ದೀರಾ ಎಂದು ಆ ಕಡೆಯವರು ಕೇಳಿದಾಗ ಹೌದೆಂದ. ಅದರ ಅಗತ್ಯವಿಲ್ಲ ಎಂದರು. ಕೆಲವೇ ನಿಮಿಷಗಳಲ್ಲಿ ಇಬ್ಬರ ನಡುವೆ ಹೊಡೆದಾಟವಾಗಿ, ಜಿಮ್ಮರ್‌ಮನ್ ಎದೆಗೆ ಹೊಡೆದ ಒಂದೇ ಗುಂಡಿಗೆ ಮಾರ್ಟಿನ್ ಸತ್ತ. ಜಿಮ್ಮರ್‌ಮನ್‌ನ ಮೂಗಿಗೆ, ತಲೆಯ ಹಿಂಭಾಗಕ್ಕೆ ಗಾಯಗಳಾಗಿದ್ದವು. ಮಾರ್ಟಿನ್ ಬಳಿ ಆಯುಧವಿರಲಿಲ್ಲ. ನೆರೆಮನೆಯವರು ಮಾಡಿದ ತುರ್ತು ಕರೆಯ ಧ್ವನಿಮುದ್ರಣದಲ್ಲಿ ಸಹಾಯಕ್ಕಾಗಿ ಚೀರುವ ದನಿ, ಬೆನ್ನಿಗೇ ಗುಂಡಿನ ಸದ್ದು ಕೇಳಿಸುತ್ತದೆ. ಆ ಚೀರಾಟ ತನ್ನ ಮಗನದೆಂದು ಇಬ್ಬರ ತಾಯಂದಿರೂ ಮುಂದೆ ನ್ಯಾಯಾಲಯದಲ್ಲಿ ನುಡಿದರು.

ಪೊಲೀಸರು ಜಿಮ್ಮರ್‌ಮನ್‌ನನ್ನು ಗಂಟೆಗಟ್ಟಲೆ ಪ್ರಶ್ನಿಸಿ ಬಿಟ್ಟುಬಿಟ್ಟರು. ಅವನ ಹೇಳಿಕೆಯನ್ನು ಅಲ್ಲಗಳೆಯುವ ಸಾಕ್ಷ್ಯವಿಲ್ಲದೆ ಬಂಧಿಸಲು ಕಾನೂನು ಬಿಡದು ಎಂಬುದು ಪೊಲೀಸ್ ಮುಖ್ಯಸ್ಥರ ವಾದ. ಇನ್ನೊಂದು ಹೇಳಿಕೆ ಕೊಡಬಲ್ಲವನು ಸತ್ತಿದ್ದ. ತಂದೆ ಟ್ರೇಸಿ ಮಾರ್ಟಿನ್, ತಾಯಿ ಸಿಬ್ರೀನಾ ಫುಲ್ಟನ್ ಬಂಧನಕ್ಕೆ ಒತ್ತಾಯಿಸಿದ ಆನ್‌ಲೈನ್ ಮನವಿಗೆ 20 ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. ನ್ಯೂಯಾರ್ಕ್ ಮೊದಲಾದ ನಗರಗಳಲ್ಲಿ ಜನ ಹುಡ್ ತೊಟ್ಟು ಮೆರವಣಿಗೆ ಹೊರಟರು. ತನಗೆ ಮಗನಿದ್ದಿದ್ದರೆ ಟ್ರೇವಾನ್‌ನಂತೆಯೇ ಇರುತ್ತಿದ್ದ ಎಂದು ಅಧ್ಯಕ್ಷ ಬರಾಕ್ ಒಬಾಮಾ ಮಾರ್ಚ್ 23ರಂದು ಹೇಳಿದರು. ಗವರ್ನರ್ ನೇಮಿಸಿದ ವಿಶೇಷ ಅಭಿಯೋಜಕಿ ಆ್ಯಂಜೆಲಾ ಕೋರಿ ಏಪ್ರಿಲ್ 11ರಂದು ಎರಡನೇ ದರ್ಜೆಯ ಕೊಲೆಯ ಆರೋಪ ಹೊರಿಸುವ ಹೊತ್ತಿಗೆ ಆರು ವಾರ ಕಳೆದಿತ್ತು. ಆರಂಭದ ದಿನಗಳಲ್ಲಿ ನಡೆಯಬೇಕಾದ ತನಿಖೆಗೆ ಈ ವಿಳಂಬದಿಂದಾದ ನಷ್ಟ ಸಣ್ಣದಲ್ಲ.

ವಿಚಾರಣೆ 2013ರ ಜೂನ್‌ನಲ್ಲಿ ಮೊದಲಾಯಿತು. ಜಿಮ್ಮರ್‌ಮನ್ ಪರ ವಕೀಲರು ಕಾಯ್ದೆಯಡಿ ಪ್ರತ್ಯೇಕ ರಕ್ಷೆಯ ವಿಚಾರಣೆಯನ್ನು ಕೇಳಲೇ ಇಲ್ಲ. ಕೆಳಗೆ ಬಿದ್ದು ಏಟು ತಿನ್ನುತ್ತಿದ್ದವನಿಗೆ ಹಿಂದೆ ಸರಿಯುವ ಮಾತೇ ಇರಲಿಲ್ಲ ಎಂದು ಹಳೆಯ ಆತ್ಮರಕ್ಷಣೆಯ ವಾದವನ್ನೇ ಹೂಡಿದರು. ಹಾಗಾಗಿ ಈ ಪ್ರಕರಣಕ್ಕೂ ಕಾಯ್ದೆಗೂ ಸಂಬಂಧವಿಲ್ಲ ಎಂದು ಅದರ ಸಮರ್ಥಕರು ಇಂದಿಗೂ ಹೇಳುತ್ತಾರೆ. ಈ ಮಾತು ಅರ್ಧ ಮಾತ್ರ ಸರಿ. ಆರು ಮಹಿಳೆಯರ ಜ್ಯೂರಿಗೆ ನ್ಯಾಯಾಧೀಶೆ ಓದಿ ಹೇಳಿದ ಸೂಚನೆಗಳಲ್ಲಿ, ಹಿಂದೆ ಸರಿಯುವ ಹೊಣೆಯಿಲ್ಲ, ನಿಂತಲ್ಲೇ ನಿಲ್ಲುವ ಹಕ್ಕಿದೆ ಎಂಬ 2005ರ ಮಾತುಗಳೇ ಇದ್ದವು. ಹಿಂಬಾಲಿಸಿ ಹೋದವನಿಗೂ ಆ ಹಕ್ಕಿದೆಯೇ ಎಂಬ ಜನರ ಪ್ರಶ್ನೆಗೆ ಅಲ್ಲಿ ಉತ್ತರವಿರಲಿಲ್ಲ, ಹಿಂಬಾಲಿಸುವುದೇ ಅಪರಾಧವಲ್ಲ. ಜುಲೈ 13ರಂದು ಜಿಮ್ಮರ್‌ಮನ್ ಖುಲಾಸೆಯಾದ. ಫೆಡರಲ್ ನಾಗರಿಕ ಹಕ್ಕು ಕಾನೂನಿನಡಿ ಆರೋಪ ಹೊರಿಸಲು ತಕ್ಕ ಸಾಕ್ಷ್ಯವಿಲ್ಲವೆಂದು ನ್ಯಾಯ ಇಲಾಖೆ 2015ರಲ್ಲಿ ಕಡತ ಮುಚ್ಚಿತು.

ತೀರ್ಪು ಬಂದ ದಿನಗಳಲ್ಲೇ ಅಲೀಷಿಯಾ ಗಾರ್ಜಾ, ಪ್ಯಾಟ್ರೀಸ್ ಕಲರ್ಸ್, ಓಪಲ್ ಟೊಮೆಟಿ ಎಂಬ ಮೂವರು ಮಹಿಳೆಯರು 'ಬ್ಲ್ಯಾಕ್ ಲೈವ್ಸ್ ಮ್ಯಾಟರ್' ಎಂಬ ಘೋಷಣೆಯನ್ನು ಚಳವಳಿಯಾಗಿ ಕಟ್ಟಿದರು. ಕಾಯ್ದೆಯ ಮರುಪರಿಶೀಲನೆಗೆ ಒತ್ತಾಯಿಸಿ ಡ್ರೀಮ್ ಡಿಫೆಂಡರ್ಸ್ ಎಂಬ ಯುವಕರ ಸಂಘಟನೆ ಟ್ಯಾಲಹಾಸಿಯ ರಾಜ್ಯ ಸೌಧದಲ್ಲಿ ಒಂದು ತಿಂಗಳು ಧರಣಿ ಕೂತಿತು. ಇಂಥ ಕಾಯ್ದೆಗಳು ಇಲ್ಲದ ಜಗಳವನ್ನು ಹುಟ್ಟಿಸುತ್ತವೆ ಎಂದು ಅಟಾರ್ನಿ ಜನರಲ್ ಎರಿಕ್ ಹೋಲ್ಡರ್ ಟೀಕಿಸಿದರು. ಗವರ್ನರ್ ನೇಮಿಸಿದ ಕಾರ್ಯಪಡೆ ಮಾತ್ರ ಮೂಲ ತತ್ವ ಸರಿಯಾಗಿಯೇ ಇದೆ ಎಂದಿತ್ತು. ಅಪರಾಧಿಗೆ ಅಂಜಿ ಸಜ್ಜನರು ಓಡಬೇಕೆ ಎಂಬ ಸಮರ್ಥಕರ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಒಂಟಿ ಹೆಂಗಸರು, ವೃದ್ಧರು ಅದರ ಹಿಂದಿದ್ದಾರೆ. ಆದರೆ ಅಂಕಿಅಂಶ ಬೇರೆಯದನ್ನೇ ಹೇಳುತ್ತದೆ. ಟೆಕ್ಸಾಸ್‌ನ ಅರ್ಥಶಾಸ್ತ್ರಜ್ಞರಾದ ಚೆಂಗ್ ಮತ್ತು ಹೋಕ್‌ಸ್ಟ್ರಾ 2013ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಇಂಥ ಕಾನೂನು ತಂದ ರಾಜ್ಯಗಳಲ್ಲಿ ಕಳ್ಳತನ, ದರೋಡೆ ತಗ್ಗಲಿಲ್ಲ. ನರಹತ್ಯೆ ಶೇ 8ರಷ್ಟು ಏರಿತು. ಟ್ಯಾಂಪಾ ಬೇ ಟೈಮ್ಸ್ ಪತ್ರಿಕೆ 2012ರಲ್ಲಿ ಫ್ಲಾರಿಡಾದ ಸುಮಾರು 200 ಪ್ರಕರಣಗಳನ್ನು ಕೆದಕಿದಾಗ, ಸತ್ತವರು ಕಪ್ಪುಜನರಾಗಿದ್ದರೆ ಕೊಂದವರು ಶಿಕ್ಷೆಯಿಂದ ಪಾರಾದದ್ದು ಶೇ 73ರಷ್ಟು, ಬಿಳಿಯರಾಗಿದ್ದರೆ ಶೇ 59ರಷ್ಟು. ಯಾರ ಭಯ ಸಕಾರಣವೆನಿಸುತ್ತದೆ, ಯಾರ ಮೈಬಣ್ಣ ಭಯಕ್ಕೆ ಕಾರಣವೆನಿಸುತ್ತದೆ ಎಂಬ ಪ್ರಶ್ನೆಗೆ ಕಾಯ್ದೆಯ ಪರ ವಾದಿಸುವವರಿಂದ ಸಮರ್ಪಕ ಉತ್ತರ ಇನ್ನೂ ಬಂದಿಲ್ಲ.

ಕಾಯ್ದೆ ರದ್ದಾಗಲಿಲ್ಲ, ಇನ್ನಷ್ಟು ಬಲಗೊಂಡಿತು. ವಿಚಾರಣಾಪೂರ್ವ ಹಂತದಲ್ಲಿ ಆತ್ಮರಕ್ಷಣೆಯನ್ನು ರುಜುವಾತು ಮಾಡುವ ಹೊಣೆ ಆರೋಪಿಯದು ಎಂದು ಫ್ಲಾರಿಡಾದ ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ಹೇಳಿತ್ತು; 2017ರಲ್ಲಿ ಶಾಸನಸಭೆ ಆ ಹೊಣೆಯನ್ನು ಸರ್ಕಾರಿ ವಕೀಲರಿಗೆ ವರ್ಗಾಯಿಸಿತು. ಮರುವರ್ಷ ಕ್ಲಿಯರ್‌ವಾಟರ್‌ನಲ್ಲಿ ಪಾರ್ಕಿಂಗ್ ಜಗಳದಲ್ಲಿ ಕಪ್ಪುಜನಾಂಗದ ತಂದೆಯೊಬ್ಬ ಗುಂಡಿಗೆ ಬಲಿಯಾದಾಗ, ಇದೇ ಕಾಯ್ದೆಯನ್ನು ಮುಂದಿಟ್ಟು ಶೆರಿಫ್ ಮೊದಲು ಬಂಧನಕ್ಕೆ ಒಪ್ಪಲಿಲ್ಲ. ಎದುರಾಳಿಯನ್ನು ತಳ್ಳಿದ್ದ ಆ ತಂದೆ ಗುಂಡು ಹಾರುವ ಮುನ್ನ ಹಿಂದೆ ಸರಿಯುತ್ತಿದ್ದುದು ಅಂಗಡಿಯ ಕ್ಯಾಮೆರಾದಲ್ಲಿ ದಾಖಲಾಗಿತ್ತು. ವಾರಗಳ ನಂತರ ಆರೋಪ ಹೊರಿಸಲಾಯಿತು; 2019ರಲ್ಲಿ ಗುಂಡು ಹಾರಿಸಿದವನಿಗೆ 20 ವರ್ಷಗಳ ಸೆರೆವಾಸವಾಯಿತು. 2021ರಲ್ಲಿ ಒಹಾಯೊ ಮತ್ತು ಅರ್ಕನ್ಸಾಸ್ ರಾಜ್ಯಗಳು ಹಿಂದೆ ಸರಿಯುವ ಹೊಣೆಯನ್ನು ತೆಗೆದುಹಾಕುವ ಕಾನೂನುಗಳನ್ನು ತಂದವು.