ಗಾಡಿ ಓಡದ ದಾರಿಗಳು: ಕಡೂರು, ತರೀಕೆರೆ, ಅಜ್ಜಂಪುರದ ಹಳೇ ಜಾಡುಗಳ ಕತೆ

ಕಾರಿನ ಬೆನ್ನಿಗೆ ಸೈಕಲ್ ಕಟ್ಟಿಕೊಂಡು ನಮ್ಮ ಗುಡ್ಡಗಳ ಕಡೆ ಬರುವ ಪೇಟೆಯವರನ್ನು ನೀವೂ ನೋಡಿರಬಹುದು. ಸೈಕಲ್ ರೇಸಿನದರ ಹಾಗೇ ಕಾಣುತ್ತೆ, ಟೈರ್ ಮಾತ್ರ ಚೂರು ದಪ್ಪ. ಗ್ರಾವೆಲ್ ಬೈಕ್ ಅಂತಾರೆ ಅದಕ್ಕೆ. ನಮ್ಮ ಮಾತಲ್ಲಿ ಹೇಳಬೇಕೆಂದರೆ ಗರಸು ರಸ್ತೆ ಸೈಕಲ್. ಇವರಿಗೆ ಟಾರು ರಸ್ತೆ ಬೇಡ. ಬಸ್ಸು, ಲಾರಿ ಇಲ್ಲದ ಮಣ್ಣಿನ ದಾರಿ ಬೇಕು, ಪಕ್ಕದಲ್ಲಿ ಕಾಡು ಇರಬೇಕು, ದೂರದಲ್ಲಿ ಬೆಟ್ಟ ಕಾಣಬೇಕು. ನಾವು ಟಾರು ಹಾಕಿಸಿಕೊಡಿ ಎಂದು ಪಂಚಾಯ್ತಿಗೆ ಅರ್ಜಿ ಕೊಟ್ಟು ಸುಸ್ತಾದ ದಾರಿಯನ್ನೇ ಅವರು ಹುಡುಕಿಕೊಂಡು ಬರುತ್ತಾರೆ!

ನಗುವ ವಿಷಯ ಬಿಡಿ. ಗಾಡಿ ಓಡದ ಈ ದಾರಿಗಳನ್ನು ಮಾಡಿದವರು ಯಾರು? ಕಾಡು ತಾನಾಗಿ ದಾರಿ ಬಿಡುವುದಿಲ್ಲ. ನಮ್ಮ ಮೂರು ತಾಲ್ಲೂಕುಗಳಲ್ಲಿ ಇವತ್ತು ಖಾಲಿ ಬಿದ್ದಿರುವ ಒಂದೊಂದು ಜಾಡೂ ಒಂದು ಕಾಲಕ್ಕೆ ಯಾರದೋ ಕೆಲಸದ ದಾರಿ.

ಮೊದಲು ಏರಿನ ಲೆಕ್ಕ ನೋಡೋಣ. ಬೆಟ್ಟ ಹತ್ತುವ ಕಾಲುದಾರಿ ನೆಟ್ಟಗೆ ಹೋಗುತ್ತೆ. ತಲೆ ಮೇಲೆ ಹೊರೆ ಇದ್ದರೂ ಮನುಷ್ಯ ಹೇಗೋ ಹತ್ತಿಬಿಡುತ್ತಾನೆ. ಎತ್ತಿನ ಗಾಡಿಗೆ ಅದು ಆಗದ ಮಾತು, ಅದಕ್ಕೆ ಸುತ್ತು ಹಾಕಿದ ದಾರಿಯೇ ಬೇಕು. ರೈಲಂತೂ ಏರು ಕಂಡರೆ ನಿಂತೇಬಿಡುತ್ತೆ. ಅದಕ್ಕಾಗಿ ಗುಡ್ಡ ಕಡಿದು, ತಗ್ಗು ತುಂಬಿ, ಮೈಲಿಗಟ್ಟಲೆ ಸುತ್ತಿಸಿ, ಕಾಲಿಗೆ ಗೊತ್ತೇ ಆಗದಷ್ಟು ನಿಧಾನಕ್ಕೆ ಏರಿಸಿರುತ್ತಾರೆ. ಸೈಕಲ್ ತುಳಿಯುವವನಿಗೆ ಹೇಳಿ ಮಾಡಿಸಿದ ದಾರಿಯೂ ಇದೇ. ಅದಕ್ಕೇ ಹಳೇ ರೈಲು ಹಳಿ ಕಿತ್ತ ಜಾಗ ಸಿಕ್ಕರೆ ಸೈಕಲ್‌ನವರಿಗೆ ಹಬ್ಬ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಎಲ್ರಾಯ್–ಸ್ಪಾರ್ಟಾ ಎಂಬ ಹಳೇ ರೈಲು ದಾರಿಯನ್ನು 1960ರ ದಶಕದಲ್ಲೇ ಸೈಕಲ್‌ಗೆ ಬಿಟ್ಟರು. ಸ್ಪೇನ್ ದೇಶದಲ್ಲಿ 1993ರಿಂದ ಇಂಥ ಹಳಿ ದಾರಿಗಳನ್ನು 'ಹಸಿರು ದಾರಿ' ಎಂದು ಹೆಸರಿಟ್ಟು ಕಾಪಾಡಿಕೊಂಡು ಬಂದಿದ್ದಾರೆ.

ನಮ್ಮಲ್ಲೂ ಅಂಥದೊಂದು ದಾರಿ ಇತ್ತು ಅಂದರೆ ಇವತ್ತಿನ ಹುಡುಗರು ನಂಬಲಿಕ್ಕಿಲ್ಲ. ತರೀಕೆರೆಯಿಂದ ಲಕ್ಕವಳ್ಳಿ ಮೇಲೆ ಕಾಡೊಳಗೆ ಹಾದು ನರಸಿಂಹರಾಜಪುರಕ್ಕೆ ಪುಟ್ಟ ರೈಲು ಓಡುತ್ತಿತ್ತು. ಆ ಊರಿನ ಹಳೇ ಹೆಸರು ಎಡೆಹಳ್ಳಿ. ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಹೆಸರು ಅದಕ್ಕೆ ಆಮೇಲೆ ಬಂತು. ಹಳಿಗಳ ನಡುವೆ ಬರೀ ಎರಡು ಅಡಿ ಅಂತರ. ನಮ್ಮ ಎತ್ತಿನ ಗಾಡಿಯ ಎರಡು ಚಕ್ರಗಳ ನಡುವೆಯೂ ಅದಕ್ಕಿಂತ ಹೆಚ್ಚು ಜಾಗ ಇರುತ್ತೆ! ಒಟ್ಟು ದೂರ ನಲವತ್ತು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಬೀರೂರಿನಿಂದ ತರೀಕೆರೆ ಮೇಲೆ ಶಿವಮೊಗ್ಗಕ್ಕೆ ದೊಡ್ಡ ರೈಲು 1899ರಲ್ಲೇ ಬಂದಿತ್ತು. ಮಲೆನಾಡಿನ ಮರ, ಸರಕು, ಜನ ಎಲ್ಲ ಈ ಪುಟ್ಟ ರೈಲಲ್ಲಿ ಇಳಿದು ಬಂದು ತರೀಕೆರೆಯಲ್ಲಿ ಆ ದೊಡ್ಡ ರೈಲನ್ನು ಸೇರುತ್ತಿದ್ದವು. ಮೋಟಾರು ಬಂದ ಮೇಲೆ ಪುಟ್ಟ ರೈಲು ಉಳಿಯಲಿಲ್ಲ, ಹಳಿಯನ್ನೂ ಕಿತ್ತರು. ಅದಾದ ಮೇಲೆ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದಿತು. ಹಿನ್ನೀರು ತುಂಬಿದಾಗ ಆ ಕಣಿವೆಯ ಎಷ್ಟೋ ಜಾಡುಗಳು ನೀರಡಿಗೆ ಹೋದವು.

ಇನ್ನೊಂದು ಜಾಡು ಕೆಮ್ಮಣ್ಣುಗುಂಡಿಯದು. ಪ್ರವಾಸಿಗರು ಅಲ್ಲಿ ಹೂದೋಟ, ಮಂಜು ನೋಡಿ ಬರುತ್ತಾರೆ, ಅದರ ಹೆಸರಲ್ಲಿರುವ ಕೆಮ್ಮಣ್ಣು ನೋಡುವುದಿಲ್ಲ. ಆ ಮಣ್ಣು ಕೆಂಪಗಿರುವುದೇ ಕಬ್ಬಿಣದಿಂದ. ಬೆಂಕಿಪುರ, ಅಂದರೆ ಇವತ್ತಿನ ಭದ್ರಾವತಿಯಲ್ಲಿ, ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರು ಮಾಡಿತು. ಅದಕ್ಕೆ ಬೇಕಾದ ಅದಿರು ಸಿಗುತ್ತಿದ್ದದ್ದು ಈ ಬೆಟ್ಟದ ನೆತ್ತಿಯಲ್ಲಿ. ಅಷ್ಟು ಎತ್ತರದಿಂದ ಗಾಡಿಯಲ್ಲಿ ಇಳಿಸುವುದು ಆಗುವ ಹೋಗುವ ಮಾತಲ್ಲ. ಹಾಗಾಗಿ ಕಂಬಗಳ ಮೇಲೆ ಉಕ್ಕಿನ ಹಗ್ಗ ಎಳೆದು, ಅದಕ್ಕೆ ತೊಟ್ಟಿ ನೇತುಹಾಕಿ, ಅದಿರನ್ನು ಗಾಳಿಯಲ್ಲೇ ತಣಿಗೆಬೈಲಿಗೆ ಇಳಿಸಿದರು. ಅಲ್ಲಿಂದ ಭದ್ರಾವತಿಗೆ ಪುಟ್ಟ ಹಳಿಯ ರೈಲು.

ಅದಿರಿನ ಜೊತೆ ಸೌದೆಯದೂ ಒಂದು ಕತೆ ಇದೆ. ಕಲ್ಲಿದ್ದಲು ನಮ್ಮ ನಾಡಲ್ಲಿ ಸಿಗುವುದಿಲ್ಲ. ಭದ್ರಾವತಿಯ ಕುಲುಮೆ ಮೊದಲು ಉರಿದದ್ದು ಮರ ಸುಟ್ಟು ಮಾಡಿದ ಇದ್ದಿಲಿನಿಂದ. ಆ ಮರಕ್ಕಾಗಿ ಸುತ್ತಲ ಕಾಡೊಳಗೆ ಹಳಿ, ಕೂಪಿನ ದಾರಿ ಹಾಕಿದರು. ಸೈಕಲ್‌ನವರು ಇವತ್ತು 'ಎಂಥಾ ತಂಪು ನೆರಳು' ಅಂತ ಫೋಟೊ ತೆಗೆಯುವ ಕಡೆ ಒಂದು ಕಾಲಕ್ಕೆ ಕೊಡಲಿ ಸದ್ದೇ ಸದ್ದು ಇದ್ದಿರಬೇಕು. ಗಣಿ ನಿಂತಿದೆ. ಕಾಡು ಮತ್ತೆ ಬೆಳೆದಿದೆ.

ಕಡೂರಿನ ಕಡೆ ಕತೆ ಬೇರೆ. ಬೆಂಗಳೂರಿನಿಂದ ಹರಿಹರಕ್ಕೆ 1889ರ ಹೊತ್ತಿಗೆ ರೈಲು ಬಂದಾಗ ಕಡೂರು, ಬೀರೂರು, ಅಜ್ಜಂಪುರ ಮೂರಕ್ಕೂ ನಿಲ್ದಾಣ ಸಿಕ್ಕಿತು, ಚಿಕ್ಕಮಗಳೂರಿಗೆ ಸಿಗಲಿಲ್ಲ. ಆಗ ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ, ಆಳುವ ಕಚೇರಿಗಳಿದ್ದದ್ದು ಮಾತ್ರ ಚಿಕ್ಕಮಗಳೂರಲ್ಲಿ. ಕಾಫಿ ಬೆಳೆಯುವುದು ಬಾಬಾಬುಡನ್‌ಗಿರಿ ಸಾಲಿನಲ್ಲಿ, ರೈಲು ನಿಲ್ಲುವುದು ಬಯಲಲ್ಲಿ. ನಡುವೆ ಸಖರಾಯಪಟ್ಟಣದ ಮೇಲೆ ಎತ್ತಿನ ಗಾಡಿಗಳ ಸಾಲು. ಚಿಕ್ಕಮಗಳೂರಿಗೆ ರೈಲು ಬಂದದ್ದು 2013ರಲ್ಲಿ. ನೂರಿಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅಷ್ಟು ದೊಡ್ಡ ಊರಿಗೆ ಕಡೂರಿನ ನಿಲ್ದಾಣವೇ ಬಾಗಿಲು. ಗಾಡಿ ಹೋದ ದಾರಿ ಈಗ ಹೆದ್ದಾರಿಯಾಗಿದೆ, ಸೈಕಲ್‌ನವರಿಗೆ ಅದರಿಂದ ಉಪಯೋಗವಿಲ್ಲ. ಆದರೆ ಅದಕ್ಕೆ ಕೂಡುತ್ತಿದ್ದ ಕಿರು ಬಂಡಿದಾರಿಗಳು ಹೊಲಗಳ ನಡುವೆ ಇನ್ನೂ ಅಲ್ಲಲ್ಲಿ ಉಸಿರಾಡುತ್ತಿವೆ.

ಅಜ್ಜಂಪುರಕ್ಕೆ ಬಂದರೆ ದಾರಿ ಮಾಡಿದ್ದು ದನ. ಮೈಸೂರು ಅರಸರ ಬೆಣ್ಣೆ ಚಾವಡಿಯ ದನಗಳಿಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು ಸುಲ್ತಾನ್. ಹೈದರ್, ಟಿಪ್ಪು ಕಾಲದಲ್ಲಿ ಫಿರಂಗಿ ಎಳೆದದ್ದೂ ಈ ತಳಿಯ ಎತ್ತುಗಳೇ. ಈ ದನಗಳು ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಬೇಸಿಗೆಗೆ ಒಂದು ಕಾವಲು, ಮಳೆಗಾಲಕ್ಕೆ ಇನ್ನೊಂದು, ಚಳಿಗೆ ಮತ್ತೊಂದು. ಹುಲ್ಲು ನೀರು ನೋಡಿಕೊಂಡು ಹಿಂಡುಗಳು ಕಾವಲಿಂದ ಕಾವಲಿಗೆ ನಡೆಯುತ್ತಿದ್ದವು. ಅಜ್ಜಂಪುರದ ತಳಿ ಕೇಂದ್ರ ಶುರುವಾದದ್ದು 1929ರಲ್ಲಿ. ಕಾವಲುಗಳು ಕರಗುತ್ತಾ ಬಂದು ಒಂದಕ್ಕೊಂದು ನಂಟು ತಪ್ಪಿದೆ. ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಿತ ಪ್ರದೇಶವಾಯಿತು. ಖಾಲಿ ಬಯಲು ಕಂಡಿತು ಅಂತ ಅಲ್ಲಿಗೆ ಸೈಕಲ್ ನುಗ್ಗಿಸುವುದು ನಮಗಂತೂ ಸರಿ ಕಾಣುವುದಿಲ್ಲ. ಅದು ಖಾಲಿ ಅಲ್ಲ.

ಭದ್ರಾ ಕಾಡಿನ ವಿಷಯದಲ್ಲಂತೂ ಮಾತೇ ಬೇಡ. 1974ರಲ್ಲಿ ಭದ್ರಾ ವನ್ಯಜೀವಿ ಧಾಮ, 1998ರಲ್ಲಿ ಹುಲಿ ಯೋಜನೆ. ಅಪ್ಪಣೆ ಇಲ್ಲದೆ ಒಳಗೆ ಕಾಲಿಡುವ ಹಾಗಿಲ್ಲ. ಆ ಕಾಡಿನಲ್ಲಿ ಗಾಡಿ ಸಂಚಾರ ಇಲ್ಲ ಅಂದರೆ ಅದರ ಹಿಂದೆ ಊರು ಬಿಟ್ಟವರಿದ್ದಾರೆ. 2001–02ರ ಹೊತ್ತಿಗೆ ಒಳಗಿನ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು ತರೀಕೆರೆ ಹತ್ತಿರದ ಎಂ.ಸಿ. ಹಳ್ಳಿಗೂ ಕೆಳಗೂರಿಗೂ ಬಂದು ನೆಲೆಸಿದವು. ದೇಶದಲ್ಲಿ ತಕ್ಕಮಟ್ಟಿಗೆ ಸರಿಯಾಗಿ ನಡೆದ ಸ್ಥಳಾಂತರ ಎಂದು ಇದನ್ನು ಹೊಗಳುತ್ತಾರೆ. ಇರಬಹುದು. ಆದರೂ ಶಾಲೆಗೆ, ಸಂತೆಗೆ, ದೇವಸ್ಥಾನಕ್ಕೆ ಅಂತ ಆ ಜನ ನಡೆದು ಸವೆಸಿದ ದಾರಿಗಳು ಅವರಿಗೇ ಮುಚ್ಚಿಹೋದವು.

ಹಾಗಾದರೆ ಉಳಿದದ್ದೇನು? ಕಾಡಿನ ಹೊರಗೆ, ಊರೂರಿನ ನಡುವೆ ಇರುವ ನಕಾಶೆ ದಾರಿಗಳು. ಇವುಗಳ ಜಗಳ ನಮ್ಮ ಓದುಗರಿಗೆ ಹೊಸದೇನಲ್ಲ. ಗ್ರಾಮ ನಕಾಶೆ ತೆಗೆದು ನೋಡಿ. ಎರಡು ಸಾಲು ಚುಕ್ಕಿ ಇದ್ದರೆ ಬಂಡಿದಾರಿ, ಒಂದೇ ಸಾಲು ಇದ್ದರೆ ಕಾಲುದಾರಿ. ಸಾರ್ವಜನಿಕ ರಸ್ತೆ, ಓಣಿ, ದಾರಿಗಳೆಲ್ಲ ಸರ್ಕಾರದ ಸ್ವತ್ತು ಎಂದು 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 67ನೇ ಕಲಮು ಹೇಳುತ್ತೆ. ಆದರೆ ಎತ್ತಿನ ಗಾಡಿ ನಿಂತುಹೋದ ಮೇಲೆ ದಾರಿಯಲ್ಲಿ ಓಡಾಟ ಕಡಿಮೆಯಾಯಿತು. ಪಕ್ಕದ ಹೊಲದವರು ವರ್ಷಕ್ಕೊಂದು ಸಾಲು ಒತ್ತಿ ಉತ್ತರು, ಆಮೇಲೆ ಅಡಿಕೆ ಸಸಿ ಇಟ್ಟರು, ಕೊನೆಗೆ ತಂತಿಬೇಲಿ ಬಿತ್ತು. ಹಿಂದಿನ ಹೊಲದವನ ಟ್ರ್ಯಾಕ್ಟರ್ ಹೋಗಲು ಜಾಗವಿಲ್ಲದೆ ಕೊನೆಗೆ ಮಾತು ತಹಶೀಲ್ದಾರರ ಮುಂದೆ.

ಈಗ ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಮೊಬೈಲಿನಲ್ಲೇ ಇದೆ. ನಿಂತ ಜಾಗದ ಸರ್ವೆ ನಂಬರ್ ಅದರಲ್ಲಿ ಗೊತ್ತಾಗುತ್ತೆ. ನಕಾಶೆಯನ್ನು ಪಕ್ಕಕ್ಕಿಟ್ಟುಕೊಂಡು ಒಮ್ಮೆ ನಿಮ್ಮೂರಿನ ಬಂಡಿದಾರಿಯ ಉದ್ದಕ್ಕೂ ನಡೆದು ನೋಡಿ, ಎಲ್ಲಿ ತುಂಡಾಗಿದೆ ಅಂತ ತಿಳಿಯುತ್ತೆ. ಸೈಕಲ್‌ನವರು ಬಂದರೆ ಬರಲಿ, ಟೀ ಅಂಗಡಿಗೂ ನಾಲ್ಕು ಕಾಸು ಆದೀತು. ಅದಕ್ಕೆ ಮುಂಚೆ ಆ ದಾರಿ ಬೇಕಾಗಿರುವುದು ಹಿಂದಿನ ಹೊಲದವನಿಗೆ, ಸ್ಮಶಾನಕ್ಕೆ ಹೆಣ ಹೊರುವವರಿಗೆ, ಶಾಲೆಗೆ ಸೈಕಲ್ಲಲ್ಲಿ ಹೋಗುವ ಹುಡುಗಿಗೆ.

ಹೊಸ ಜಾಡುಗಳೂ ಹುಟ್ಟುತ್ತಿವೆ. ಲಕ್ಕವಳ್ಳಿಯಿಂದ ದಾವಣಗೆರೆ ಕಡೆ ಹೋಗುವ ಭದ್ರಾ ಬಲದಂಡೆ ನಾಲೆಯ ಏರಿ ಉದ್ದಕ್ಕೂ ಇಲಾಖೆಯವರ ಮಣ್ಣಿನ ದಾರಿ ಇದೆ. ಭದ್ರಾ ಮೇಲ್ದಂಡೆ ಯೋಜನೆಯ ನೀರು ಅಜ್ಜಂಪುರದ ಹತ್ತಿರ ಗುಡ್ಡದೊಳಗೆ ಸುರಂಗದಲ್ಲಿ ಹಾದು ಹೋಗುತ್ತೆ, ಆಮೇಲೆ ಮತ್ತೆ ತೆರೆದ ನಾಲೆ. ನೀರು ಕೂಡ ರೈಲಿನ ಹಾಗೇ, ಏರು ಹತ್ತುವುದಿಲ್ಲ. ನಾಲೆಯ ಏರಿ ಅದಕ್ಕೇ ಸಮತಟ್ಟು, ಸೈಕಲ್ ತುಳಿಯಲು ಸಲೀಸು. ಅದೇ ನಾಲೆ ಹಳೇ ಬಂಡಿದಾರಿಯನ್ನು ಅಡ್ಡ ಕೊಯ್ದಿರುವ ಕಡೆ ಮಾತ್ರ ಆಚೆ ಹೊಲ ಇರುವವರು ಸೇತುವೆ ಹುಡುಕಿಕೊಂಡು ಸುತ್ತು ಬಳಸಿ ಹೋಗಬೇಕು.