ಆಕಾಶದ ವೇಳಾಪಟ್ಟಿ



ರಾಯಚೂರು ರೈಲು ನಿಲ್ದಾಣವನ್ನು ನೀವು ನೋಡಿರಬಹುದು. 1871ರಲ್ಲಿ ಮುಂಬಯಿ ಕಡೆಯಿಂದ ಬಂದ ರೈಲುಮಾರ್ಗವೂ ಮದರಾಸಿನ ಕಡೆಯಿಂದ ಬಂದ ರೈಲುಮಾರ್ಗವೂ ಕೂಡಿಕೊಂಡದ್ದು ಇಲ್ಲಿಯೇ. ಮಾನ್ವಿಯಿಂದಲೋ ದೇವದುರ್ಗದಿಂದಲೋ ಬಸ್ಸು ಹಿಡಿದು ಈ ನಿಲ್ದಾಣಕ್ಕೆ ಬಂದವರು ಕೈಯಲ್ಲಿ ಕಳೆದ ವರ್ಷದ ವೇಳಾಪಟ್ಟಿ ಹಿಡಿದಿದ್ದರೆ ಏನಾದೀತು? ಪಟ್ಟಿಯಲ್ಲಿ ಒಂದಕ್ಷರವೂ ತಪ್ಪಿರುವುದಿಲ್ಲ. ಆದರೂ ರೈಲು ತಪ್ಪಿಹೋಗಬಹುದು. ಆಕಾಶದಲ್ಲಿ ಓಡುವ ಉಪಗ್ರಹಗಳಿಗೂ ಇಂಥ ಒಂದು ವೇಳಾಪಟ್ಟಿ ಇದೆ. ಅದು ರೈಲಿನ ಪಟ್ಟಿಗಿಂತ ಬಹು ಬೇಗ ಹಳತಾಗುತ್ತದೆ. ಅದನ್ನು ಸದಾ ಹೊಸದಾಗಿಡಲು ಹವ್ಯಾಸಿಗಳು ಪಟ್ಟ ಶ್ರಮದ ಕಥೆಯನ್ನು ಈಗ ನೋಡೋಣ.

ರಾಯಚೂರಿಗೂ ಉಪಗ್ರಹಕ್ಕೂ ಹಳೆಯ ನಂಟು. 1975ರ ಆಗಸ್ಟ್ 1ರಂದು 'ಸೈಟ್' ಎಂದು ಹೆಸರಾದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ ಆರಂಭವಾಯಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಒಂದು ವರ್ಷ ಕಾಲ ಅದು ದೂರದರ್ಶನವನ್ನು ತಲುಪಿಸಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ರಾಯಚೂರು, ಗುಲ್ಬರ್ಗ ಮತ್ತು ಬಿಜಾಪುರ ಜಿಲ್ಲೆಗಳು. ಹಳ್ಳಿಗಳಲ್ಲಿ ತಂತಿ ಜಾಲರಿಯಿಂದ ಮಾಡಿದ, ಸುಮಾರು 3 ಮೀಟರ್ ಅಗಲದ ತಟ್ಟೆಯಂಥ ಆಂಟೆನಾಗಳನ್ನು ನಿಲ್ಲಿಸಲಾಗಿತ್ತು. ಅಮೆರಿಕದ ಎಟಿಎಸ್-6 ಉಪಗ್ರಹ ಆಫ್ರಿಕಾದ ಪೂರ್ವಭಾಗದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿತ್ತು. ಆ ಎತ್ತರದಲ್ಲಿ ಉಪಗ್ರಹದ ಒಂದು ಸುತ್ತೂ ಭೂಮಿಯ ಒಂದು ಸುತ್ತೂ ಸಮ. ಆದ್ದರಿಂದ ಅದು ಆಕಾಶದಲ್ಲಿ ನಿಂತಂತೆಯೇ ತೋರುತ್ತದೆ. ರಾಯಚೂರಿನವರು ತಟ್ಟೆಯನ್ನು ಪಶ್ಚಿಮಕ್ಕೆ, ತುಸು ದಕ್ಷಿಣಕ್ಕೆ ವಾಲಿಸಿ, ದಿಗಂತದಿಂದ ಸುಮಾರು 38 ಡಿಗ್ರಿ ಮೇಲೆತ್ತಿ ಬಿಗಿದರೆ ಸಾಕು. ವರ್ಷವಿಡೀ ಅಲ್ಲಿಯೇ ಇರಬಹುದು.

ಆದರೆ ಎಲ್ಲ ಉಪಗ್ರಹಗಳೂ ಹೀಗೆ ನಿಲ್ಲುವುದಿಲ್ಲ. 2005ರ ಮೇ 5ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ6 ರಾಕೆಟ್ಟು ಕಾರ್ಟೊಸ್ಯಾಟ್-1ರ ಜೊತೆಗೆ ಒಂದು ಪುಟ್ಟ ಉಪಗ್ರಹವನ್ನೂ ಹೊತ್ತೊಯ್ದಿತು. ಅದೇ ಹ್ಯಾಮ್‌ಸ್ಯಾಟ್. ತೂಕ ಸುಮಾರು 42 ಕಿಲೋ. ಇಸ್ರೋ ಇದನ್ನು ಹವ್ಯಾಸಿ ರೇಡಿಯೋಗಾರರಿಗಾಗಿಯೇ ನಿರ್ಮಿಸಿತ್ತು. ಪರೀಕ್ಷೆ ಬರೆದು, ಸರ್ಕಾರದ ಪರವಾನಗಿ ಪಡೆದು, ಲಾಭದ ಆಸೆಯಿಲ್ಲದೆ ತಮ್ಮದೇ ರೇಡಿಯೋ ಕೇಂದ್ರ ನಡೆಸುವವರು ಇವರು. ಎರಡು ವರ್ಷ ಬಾಳೀತೆಂದು ಎಣಿಸಿದ್ದ ಹ್ಯಾಮ್‌ಸ್ಯಾಟ್ 2014ರ ಜುಲೈವರೆಗೆ ದುಡಿಯಿತು.

ಅದು ಇದ್ದದ್ದು ಸುಮಾರು 620 ಕಿಲೋಮೀಟರ್ ಎತ್ತರದಲ್ಲಿ. ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ವೇಗ. ಸುಮಾರು 97 ನಿಮಿಷಕ್ಕೆ ಭೂಮಿಗೆ ಒಂದು ಸುತ್ತು. ರಾಯಚೂರಿನಲ್ಲಿ ನಿಂತವರಿಗೆ ಅದು ದಿಗಂತದ ಒಂದು ಅಂಚಿನಲ್ಲಿ ಮೂಡಿ, ಹೆಚ್ಚೆಂದರೆ ಹದಿಮೂರು ನಿಮಿಷದೊಳಗೆ ಇನ್ನೊಂದು ಅಂಚಿನಲ್ಲಿ ಮುಳುಗುತ್ತಿತ್ತು. ಮಾತನಾಡಬೇಕಾದದ್ದು ಅಷ್ಟರಲ್ಲೇ. ಒಂದು ನಿಮಿಷದ ಲೆಕ್ಕ ತಪ್ಪಿತೆಂದರೆ ಉಪಗ್ರಹ 450 ಕಿಲೋಮೀಟರ್ ಆಚೆ ಇರುತ್ತಿತ್ತು!

ಹಾಗಾದರೆ ಅದು ಬರುವ ಸಮಯ ತಿಳಿಯುವುದು ಹೇಗೆ? ಗ್ರಹಗಳ ದಾರಿ ದೀರ್ಘವೃತ್ತಾಕಾರದ್ದೆಂದು 1609ರಲ್ಲಿ ಕೆಪ್ಲರ್ ತೋರಿಸಿಕೊಟ್ಟ. ಅದೇ ನಿಯಮ ಉಪಗ್ರಹಕ್ಕೂ ಸಲ್ಲುತ್ತದೆ. ಕಕ್ಷೆ ಎಷ್ಟು ಓರೆಯಾಗಿದೆ, ಯಾವ ದಿಕ್ಕಿಗೆ ತಿರುಗಿದೆ, ಎಷ್ಟು ಚಪ್ಪಟೆಯಾಗಿದೆ, ಭೂಮಿಗೆ ಅತಿ ಸಮೀಪದ ಬಿಂದು ಎಲ್ಲಿದೆ, ದಿನಕ್ಕೆ ಎಷ್ಟು ಸುತ್ತು, ಗೊತ್ತಾದ ಒಂದು ಕ್ಷಣದಲ್ಲಿ ಉಪಗ್ರಹ ಎಲ್ಲಿತ್ತು ಎಂಬ ಆರು ಅಂಕಿಗಳು ಮುಖ್ಯವಾದವು. ಇವುಗಳ ಜೊತೆಗೆ ಆ 'ಗೊತ್ತಾದ ಕ್ಷಣ'ದ ದಿನಾಂಕವೂ ಬೇಕು. ಎಲ್ಲವೂ ಸೇರಿ ಎರಡು ಸಾಲಿನಲ್ಲಿ ಹಿಡಿಸುತ್ತವೆ. ಈ ಸಾಲುಗಳು ಯಾವ ಊರಿಗೂ ಸೇರಿದವಲ್ಲ. ನಿಮ್ಮ ಊರಿನ ಅಕ್ಷಾಂಶ ರೇಖಾಂಶಗಳನ್ನು ನೀವು ಕೂಡಿಸಿಕೊಳ್ಳಬೇಕು. ರಾಯಚೂರು, ಮಾನ್ವಿ, ದೇವದುರ್ಗ ಮೂರಕ್ಕೂ ಅದೇ ಎರಡು ಸಾಲು ಸಾಕು. ಸಮಯದಲ್ಲಿ ಕೆಲವೇ ಸೆಕೆಂಡುಗಳ ವ್ಯತ್ಯಾಸ.

ಈ ಅಂಕಿಗಳು ಹಳತಾಗುವುದೇಕೆ? ಆ ಎತ್ತರದಲ್ಲೂ ಅತಿ ತೆಳುವಾದ ಗಾಳಿ ಇದೆ. ಅದರ ಘರ್ಷಣೆಯಿಂದ ಉಪಗ್ರಹ ಸ್ವಲ್ಪ ಸ್ವಲ್ಪವೇ ಕೆಳಗಿಳಿಯುತ್ತದೆ. ಕೆಳಗಿಳಿದಂತೆ ಸುತ್ತು ಬೇಗ ಮುಗಿಯುತ್ತದೆ! ಹಳೆಯ ಲೆಕ್ಕ ನಂಬಿ ಹೊರಗೆ ಬಂದು ನಿಂತವನಿಗೆ ಉಪಗ್ರಹ ಆಗಲೇ ದಾಟಿಹೋಗಿರುತ್ತದೆ. ಸೂರ್ಯ ಕೆರಳಿದಾಗ ವಾಯುಮಂಡಲ ಉಬ್ಬಿ ಈ ಘರ್ಷಣೆ ಇನ್ನೂ ಹೆಚ್ಚುತ್ತದೆ. ಎಂಬತ್ತರ ದಶಕದವರೆಗೂ ಮೇಲಿದ್ದೀತೆಂದು ನಂಬಿದ್ದ ಸ್ಕೈಲ್ಯಾಬ್ 1979ರ ಜುಲೈ 11ರಂದೇ ಬಿತ್ತು. ಎಲ್ಲಿ ಬೀಳುವುದೋ ಎಂದು ನಮ್ಮ ದೇಶದಲ್ಲೂ ಜನ ದಿಗಿಲುಗೊಂಡಿದ್ದರು. ಕೊನೆಗೆ ಅದರ ಚೂರುಗಳು ಹಿಂದೂ ಮಹಾಸಾಗರದಲ್ಲಿ, ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬಿದ್ದವು.

ಆದ್ದರಿಂದ ಅಂಕಿಗಳನ್ನು ಮತ್ತೆ ಮತ್ತೆ ಅಳೆಯಬೇಕು, ಅಳೆದದ್ದನ್ನು ಬೇಗ ಹಂಚಬೇಕು. ಅಳೆಯುವ ಕೆಲಸ ಅಮೆರಿಕದ ಸೇನೆಯ ರೇಡಾರುಗಳದಾಗಿತ್ತು. ನಾಸಾ ಸಂಸ್ಥೆ ಆ ಅಂಕಿಗಳನ್ನು ಕಾಗದದ ಮೇಲೆ ಮುದ್ರಿಸಿ, ಕೇಳಿದವರಿಗೆ ಅಂಚೆಯಲ್ಲಿ ಕಳಿಸುತ್ತಿತ್ತು. ಅಂಚೆ ತಲುಪುವಷ್ಟರಲ್ಲಿ ಅಂಕಿ ಹಳತು. ಗಣಕಯಂತ್ರಕ್ಕೆ ಕೈಯಾರೆ ತುಂಬುವಾಗ ಒಂದಂಕಿ ತಪ್ಪಿದರೆ ಎಲ್ಲವೂ ವ್ಯರ್ಥ.

1978ರಲ್ಲಿ ಷಿಕಾಗೋದಲ್ಲಿ ಗಣಕ ಬುಲೆಟಿನ್ ಬೋರ್ಡ್ ಹುಟ್ಟಿತು. ನಮ್ಮ ಕಾಲೇಜಿನ ಸೂಚನಾಫಲಕದಂತೆಯೇ ಇದು. ಆದರೆ ಟೆಲಿಫೋನ್ ತಂತಿಯ ಮೂಲಕ ದೂರದಿಂದಲೇ ಓದಬಹುದಾಗಿತ್ತು. 1985ರಲ್ಲಿ ಅಮೆರಿಕದ ವಾಯುಪಡೆಯಲ್ಲಿದ್ದ ಟಿ.ಎಸ್. ಕೆಲ್ಸೊ ಎಂಬುವರು ಕಕ್ಷೆಯ ಅಂಕಿಗಳನ್ನು ಇಂಥ ಫಲಕದಲ್ಲಿ ಎಲ್ಲರಿಗೂ ಉಚಿತವಾಗಿ ಇಡತೊಡಗಿದರು. ಹವ್ಯಾಸಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಟೆಲಿಫೋನನ್ನೂ ಬಿಟ್ಟು, ರೇಡಿಯೋ ಅಲೆಗಳಲ್ಲೇ ಕೇಂದ್ರದಿಂದ ಕೇಂದ್ರಕ್ಕೆ ಬರಹ ದಾಟಿಸುವ ಫಲಕಗಳನ್ನು ಕಟ್ಟಿಕೊಂಡರು. ಹವ್ಯಾಸಿ ಉಪಗ್ರಹ ಸಂಘವಾದ ಆಮ್‌ಸ್ಯಾಟ್ ಪ್ರಕಟಿಸುವ ಅಂಕಿಗಳು ಈ ಮಾರ್ಗದಲ್ಲಿ ಊರೂರು ತಲುಪಿದವು. ಹವ್ಯಾಸಿಯ ಗಣಕಯಂತ್ರ ಅವುಗಳನ್ನು ತಾನೇ ಗುರುತಿಸಿ, ಹಳೆಯದನ್ನು ತೆಗೆದು ಹೊಸದನ್ನು ಇಟ್ಟುಕೊಳ್ಳುವಂತೆ ಕಾರ್ಯಕ್ರಮಗಳನ್ನು ಬರೆಯಲಾಯಿತು.

ಇಲ್ಲಿ ಒಂದು ಕುತೂಹಲದ ಪ್ರಶ್ನೆ. ಬಂದದ್ದನ್ನೆಲ್ಲ ಯಂತ್ರ ನಂಬಬಹುದೇ? ರೇಡಿಯೋ ಗದ್ದಲದಲ್ಲಿ ಅಂಕಿ ಕೆಟ್ಟಿರಬಹುದು. ಅದಕ್ಕಾಗಿ ಪ್ರತಿ ಸಾಲಿನ ಕೊನೆಯಲ್ಲಿ ಒಂದು 'ತಾಳೆಯ ಅಂಕಿ' ಇದೆ. 2, 5, 1, 9, 7, 8 ಎಂಬವನ್ನು ಕೂಡಿಸಿ: 32. ಇದರ ಕೊನೆಯ ಅಂಕಿ 2. ಅದೇ ತಾಳೆಯ ಅಂಕಿ. ದಾರಿಯಲ್ಲಿ 9 ಎಂಬುದು 6 ಆಗಿದ್ದರೆ ಮೊತ್ತ 29; ತಾಳೆಯಾಗದು. ಯಂತ್ರ ಆ ಸಾಲನ್ನು ತಿರಸ್ಕರಿಸುತ್ತದೆ.

ಆದರೆ ಇಷ್ಟು ಸಾಲದು. ಹ್ಯಾಮ್‌ಸ್ಯಾಟ್ ಕಕ್ಷೆಯ ಓರೆ ಸುಮಾರು 97.8 ಡಿಗ್ರಿ. ಯಾರೋ ಅದನ್ನು 79.8 ಎಂದು ಅದಲುಬದಲಾಗಿ ಬರೆದರೆ ಮೊತ್ತ ಬದಲಾಗುವುದೇ ಇಲ್ಲ! ಹೀಗಾಗಿ ಒಳ್ಳೆಯ ಕಾರ್ಯಕ್ರಮ ಮೂರು ಪ್ರಶ್ನೆ ಕೇಳಬೇಕು. ಮೊತ್ತ ತಾಳೆಯಾಗುತ್ತದೆಯೇ? ದಿನಾಂಕ ನನ್ನಲ್ಲಿರುವುದಕ್ಕಿಂತ ಹೊಸದೇ? ನಿನ್ನೆಯ ಅಂಕಿಗೂ ಇಂದಿನ ಅಂಕಿಗೂ ನಂಬಲಾಗದಷ್ಟು ಅಂತರವಿದೆಯೇ? ಎರಡನೆಯ ಪ್ರಶ್ನೆಯನ್ನು ಮರೆತರೆ, ಸುತ್ತುಬಳಸಿ ತಡವಾಗಿ ಬಂದ ಹಳೆಯ ಪಟ್ಟಿಯೊಂದು ಹೊಸ ಪಟ್ಟಿಯನ್ನೇ ಅಳಿಸಿಬಿಡುತ್ತದೆ.

ಇದು ಬರೀ ಹವ್ಯಾಸವೆಂದು ತಿಳಿಯಬೇಡಿ. 2004ರ ಡಿಸೆಂಬರಿನ ಸುನಾಮಿಯಲ್ಲಿ ಅಂಡಮಾನಿನ ಸಂಪರ್ಕ ಕಡಿದಾಗ ಸುದ್ದಿ ಮುಟ್ಟಿಸಿದವರಲ್ಲಿ ಹವ್ಯಾಸಿ ರೇಡಿಯೋಗಾರರೂ ಇದ್ದರು. ನಮ್ಮ ಜಿಲ್ಲೆಯ ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ. 2009ರ ಅಕ್ಟೋಬರಿನ ಪ್ರವಾಹವನ್ನು ರಾಯಚೂರು ಜಿಲ್ಲೆಯೂ ಕಂಡಿದೆ. ರಸ್ತೆ ಮುಳುಗಿ, ತಂತಿ ಕಡಿದ ದಿನ ಒಂದು ಬ್ಯಾಟರಿ, ಒಂದು ಸಣ್ಣ ರೇಡಿಯೋ, ತಲೆಯ ಮೇಲೆ ಹಾಯುವ ಒಂದು ಉಪಗ್ರಹ ಇದ್ದರೆ ನೂರಾರು ಮೈಲಿ ಆಚೆಗೆ ಮಾತು ಮುಟ್ಟಿಸಬಹುದು. ಆದರೆ ಅದು ಹಾಯುವ ಸಮಯ ಗೊತ್ತಿರಬೇಕು. ಹೊಸ ಪಟ್ಟಿಯನ್ನು ಹುಡುಕುವ ದಿನ ಅದಲ್ಲ. ಪಟ್ಟಿ ಹಿಂದಿನ ದಿನವೇ ಯಂತ್ರದಲ್ಲಿ ಸಿದ್ಧವಾಗಿರಬೇಕು. ತಾನೇ ಹೊಸದಾಗುವ ವ್ಯವಸ್ಥೆಯ ಬೆಲೆ ತಿಳಿಯುವುದು ಆಗ.

ಆ ಬುಲೆಟಿನ್ ಬೋರ್ಡುಗಳ ಕಾಲ ಕಳೆದಿದೆ. ಇಂದು ಅದೇ ಅಂಕಿಗಳು ಅಂತರ್ಜಾಲದಲ್ಲಿ ಸಿಗುತ್ತವೆ. ನಿಮ್ಮ ಭೌತಶಾಸ್ತ್ರದ ಅಧ್ಯಾಪಕರ ನೆರವಿನಿಂದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಎರಡು ಸಾಲುಗಳನ್ನು ಪಡೆಯಿರಿ. ಮೊದಲು ಅದರ ದಿನಾಂಕ ನೋಡಿ, ಬಳಿಕ ರಾಯಚೂರಿನ ಮೇಲೆ ಅದು ಹಾಯುವ ವೇಳೆಯನ್ನು ಲೆಕ್ಕಹಾಕಿ. ಮುಸ್ಸಂಜೆ ಮಾಳಿಗೆಯ ಮೇಲೆ ನಿಂತು ಕಾಯಿರಿ. ಹೇಳಿದ ನಿಮಿಷಕ್ಕೆ ಆ ಬೆಳಕಿನ ಚುಕ್ಕೆ ಬಂದರೆ ನಿಮ್ಮ ಅಂಕಿ ಸರಿ. ಒಂದು ತಿಂಗಳ ಬಳಿಕ ಅದೇ ಹಳೆಯ ಸಾಲುಗಳಿಂದ ಮತ್ತೆ ಲೆಕ್ಕ ಮಾಡಿ ನೋಡಿ; ಸರಿಯಾಗಿದ್ದ ಅಂಕಿಯೂ ಹೇಗೆ ಹಳತಾಗುತ್ತದೆಂಬುದು ನಿಮಗೇ ತಿಳಿಯುತ್ತದೆ.